ಗೊರಿಲ್ಲಾ ಉಳಿಸೋದು ಯಾಕೆ? ನಮ್ಮ ಕಲಬುರಗಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿಂಚೋಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ರಜೆ ಬಂದರೆ ನಾಲ್ಕೈದು ಗೆಳೆಯರು ಸೇರಿ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಶಾಲೆಗಳಿಗೆ ಹೋಗಿ ಕಾಡುಪ್ರಾಣಿಗಳ ಬಗ್ಗೆ ಮಾತಾಡುತ್ತೇವೆ. ಜೊತೆಗೆ ಒಂದು ಪ್ರೊಜೆಕ್ಟರ್, ಒಂದು ಬಿಳಿ ಚಾದರ. ಕರೆಂಟ್ ಇದ್ದರೆ ಚಿತ್ರ ತೋರಿಸುತ್ತೇವೆ, ಇಲ್ಲದಿದ್ದರೆ ಬರೀ ಮಾತು. ಕೊನೆಗೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ಪ್ರಶ್ನೆ ಬರೆಯಲು ಹೇಳುತ್ತೇವೆ. ಗೊರಿಲ್ಲಾ ಬಗ್ಗೆ ಮಾತಾಡಿದ ದಿನ ಚೀಟಿ ಡಬ್ಬಿ ತುಂಬಿ ಹೋಗುತ್ತದೆ. ಮಕ್ಕಳು ಮಾತ್ರ ಅಲ್ಲ, ಹಿಂದೆ ನಿಂತು ಕೇಳಿದ ಅಪ್ಪ, ಅವ್ವ, ಕಾಕಾಗಳೂ ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

"ಗೊರಿಲ್ಲಾ ನಮ್ಮ ಕಡಿ ಇಲ್ಲೇ ಇಲ್ರಿ ಸರ್. ನಮಗ್ಯಾಕ್ರಿ ಅದರ ಚಿಂತಿ?"

ಹೆಚ್ಚು ಕಮ್ಮಿ ಪ್ರತಿ ಊರಲ್ಲೂ ಮೊದಲ ಚೀಟಿ ಇದೇ. ಕೇಳುವುದರಲ್ಲಿ ತಪ್ಪೇನಿಲ್ಲ. ಕುಡಿಯುವ ನೀರಿಗೆ ಸಾಲು ನಿಲ್ಲುವ ಊರಿನವರು ಆಫ್ರಿಕಾದ ಪ್ರಾಣಿಗೆ ಯಾಕೆ ಮರುಗಬೇಕು?

ನನ್ನ ಉತ್ತರ ಎರಡು. ಒಂದು, ಗೊರಿಲ್ಲಾ ಇರುವ ಕಾಂಗೋ ಕಣಿವೆಯ ಕಾಡು ಅಮೆಜಾನ್ ಬಿಟ್ಟರೆ ಭೂಮಿಯ ಮೇಲಿನ ಅತಿ ದೊಡ್ಡ ಮಳೆಕಾಡು. ಅದರ ನಡುವಿನ ಜೌಗು ನೆಲದ ಕೆಳಗೆ ಸಾವಿರಾರು ವರ್ಷದಿಂದ ಅರೆಬರೆ ಕೊಳೆತ ಎಲೆ, ಬೇರು, ಮರ ಪದರ ಪದರವಾಗಿ ಕೂತಿದೆ. ಅದರಲ್ಲಿ ಸುಮಾರು 3,000 ಕೋಟಿ ಟನ್ ಇಂಗಾಲ ಇದೆ ಎಂದು 2017ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಇಡೀ ಜಗತ್ತು ಮೂರು ವರ್ಷ ಸುಡುವ ಕಲ್ಲಿದ್ದಲು, ಪೆಟ್ರೋಲು, ಗ್ಯಾಸು ಸೇರಿಸಿದರೆ ಎಷ್ಟಾಗುತ್ತದೋ ಹೆಚ್ಚು ಕಡಿಮೆ ಅಷ್ಟು. ಆ ಕಾಡು ಕಡಿದು, ಆ ಜೌಗು ಒಣಗಿಸಿದರೆ ಅದೆಲ್ಲ ಗಾಳಿಗೆ ಬರುತ್ತದೆ. ಮೇ ತಿಂಗಳಲ್ಲಿ 44 ಡಿಗ್ರಿ ಬಿಸಿಲು ಕಂಡ ನಮಗೆ ಇನ್ನೊಂದು ಡಿಗ್ರಿ ಜಾಸ್ತಿ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ನನಗೆ ಇನ್ನೂ ಹತ್ತಿರದ್ದು. ಕಾಡಂಚಿನ ಬಡ ಊರು, ಬೆಳೆಗೆ ನುಗ್ಗುವ ಪ್ರಾಣಿ, ಒಲೆಗೆ ಕಟ್ಟಿಗೆ, ಸರ್ಕಾರದ ಬೇಲಿ. ಗೊರಿಲ್ಲಾ ಕಥೆಯಲ್ಲಿ ಬರುವುದು ಇವೇ. ಚಿಂಚೋಳಿ ಕಾಡಿನ ಪಕ್ಕದ ಯಾವ ತಾಂಡಾದವರಿಗೆ ಹೇಳಿದರೂ "ಇದು ನಮ್ಮದೇ ಕಥಿ ಆತಲ್ರಿ" ಅನ್ನುತ್ತಾರೆ.

ಗೊರಿಲ್ಲಾ ಎಲ್ಲೆಲ್ಲಿ ಇವೆ? ಎಷ್ಟು ಉಳಿದಿವೆ?

ಕಾಡಿನಲ್ಲಿ ಇರುವುದು ಆಫ್ರಿಕಾದ ನಡುಭಾಗದಲ್ಲಿ ಮಾತ್ರ. ಒಟ್ಟು ಎರಡು ಜಾತಿ, ಅವುಗಳಲ್ಲಿ ಎರಡೆರಡು ಒಳಜಾತಿ.

ಪಶ್ಚಿಮದ ತಗ್ಗುನಾಡಿನ ಗೊರಿಲ್ಲಾಗಳೇ ಜಾಸ್ತಿ. ಗ್ಯಾಬೊನ್, ಕ್ಯಾಮರೂನ್, ಕಾಂಗೋ ಗಣರಾಜ್ಯದ ಕಾಡುಗಳಲ್ಲಿ ಇವೆ. 2018ರಲ್ಲಿ ಬಂದ ಅಂದಾಜು ಸುಮಾರು 3.6 ಲಕ್ಷ. ಕ್ರಾಸ್ ನದಿಯ ಗೊರಿಲ್ಲಾ ನೈಜೀರಿಯಾ ಮತ್ತು ಕ್ಯಾಮರೂನ್ ಗಡಿಯ ಗುಡ್ಡಗಳಲ್ಲಿದೆ. ಅವು ಬರೀ 300ರ ಆಸುಪಾಸು. ನಮ್ಮ ಒಂದು ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ಇರುವಷ್ಟು. ಪೂರ್ವದ ತಗ್ಗುನಾಡಿನದು, ಅಂದರೆ ಗ್ರೌವರ್ ಗೊರಿಲ್ಲಾ, ಕಿನ್ಶಾಸಾ ರಾಜಧಾನಿಯಾಗಿರುವ ದೊಡ್ಡ ಕಾಂಗೋ ದೇಶದಲ್ಲಿ ಮಾತ್ರ ಇದೆ. 1990ರ ದಶಕದಲ್ಲಿ ಸುಮಾರು 17,000 ಇದ್ದವು, 2021ರ ಅಂದಾಜು 6,800. ಇನ್ನು ಬೆಟ್ಟದ ಗೊರಿಲ್ಲಾ. ರುವಾಂಡಾ, ಉಗಾಂಡಾ, ಕಾಂಗೋ ಸೇರುವಲ್ಲಿ ವಿರುಂಗಾ ಜ್ವಾಲಾಮುಖಿ ಬೆಟ್ಟಗಳಿವೆ. ಅಲ್ಲಿ 604, ಉಗಾಂಡಾದ ಬ್ವಿಂಡಿ ಕಾಡಿನ ಕಡೆ 459. ಕಳೆದ ಎಣಿಕೆಗಳ ಪ್ರಕಾರ ಒಟ್ಟು 1,063.

3.6 ಲಕ್ಷ ಇದ್ದರೂ ಅಳಿವಿನ ಅಂಚು ಅಂತ ಯಾಕೆ ಹೇಳುತ್ತೀರಿ?

ಇದನ್ನು ಕೇಳಿದ್ದು ಯಾದಗಿರಿಯ ಒಬ್ಬ ಒಂಬತ್ತನೇ ತರಗತಿ ಹುಡುಗಿ. ಜಾಣ ಪ್ರಶ್ನೆ. ಇವತ್ತು ಎಷ್ಟಿವೆ ಅನ್ನುವುದಕ್ಕಿಂತ ಎಷ್ಟು ಬೇಗ ಕಡಿಮೆಯಾಗುತ್ತಿವೆ, ಕಳೆದದ್ದನ್ನು ತುಂಬಲು ಎಷ್ಟು ಕಾಲ ಬೇಕು ಅನ್ನುವುದೇ ಮುಖ್ಯ.

ಹೆಣ್ಣು ಗೊರಿಲ್ಲಾಗೆ ಹತ್ತು ವರ್ಷದ ಹೊತ್ತಿಗೆ ಮೊದಲ ಮರಿ. ಎಂಟೂವರೆ ತಿಂಗಳು ಬಸಿರು, ಹೆಚ್ಚಾಗಿ ಒಂದೇ ಮರಿ. ಆ ಮರಿ ಮೂರು ನಾಲ್ಕು ವರ್ಷ ತಾಯಿ ಹಾಲು ಕುಡಿಯುತ್ತದೆ. ಅಲ್ಲಿಯವರೆಗೆ ಇನ್ನೊಂದು ಮರಿ ಇಲ್ಲ. ಹುಟ್ಟಿದ ಮರಿಗಳೆಲ್ಲ ಬದುಕುವುದೂ ಇಲ್ಲ. ಹೀಗೆ ಒಂದು ತಾಯಿ ಇಡೀ ಜೀವನದಲ್ಲಿ ಬೆಳೆಸಿ ದೊಡ್ಡದು ಮಾಡುವುದು ಬೆರಳೆಣಿಕೆಯ ಮರಿಗಳನ್ನು.

ನಮ್ಮ ಹೊಲದ ಕಾಡುಹಂದಿ ಒಂದೇ ಸೂಲಿಗೆ ನಾಲ್ಕೈದು ಮರಿ ಹಾಕುತ್ತದೆ. ಹತ್ತು ಹಂದಿ ಸತ್ತರೆ ಮುಂದಿನ ವರ್ಷಕ್ಕೆ ಹತ್ತು ತುಂಬಿರುತ್ತವೆ. ಹತ್ತು ಗೊರಿಲ್ಲಾ ಸತ್ತರೆ ಆ ಜಾಗ ತುಂಬಲು ಹತ್ತಾರು ವರ್ಷ ಬೇಕು. ಪಶ್ಚಿಮದ ಗೊರಿಲ್ಲಾಗಳು ವರ್ಷಕ್ಕೆ 2.7 ಶೇಕಡಾ ಕಡಿಮೆಯಾಗುತ್ತಿದ್ದವು ಎಂದು ಅದೇ 2018ರ ಅಧ್ಯಯನ ಹೇಳಿತು. ಕೇಳಲು ಸಣ್ಣ ಸಂಖ್ಯೆ. ಬ್ಯಾಂಕಿನ ಬಡ್ಡಿ ಲೆಕ್ಕ ಗೊತ್ತಿದ್ದವರು ಒಂದು ಕಾಗದ ತಗೊಂಡು ಕೂಡಿಸಿ ನೋಡಿ. 26 ವರ್ಷಕ್ಕೆ ಅರ್ಧ ಖಾಲಿ. ಇನ್ನೊಂದು ವಿಷಯ, ಅವುಗಳಲ್ಲಿ ಸುಮಾರು 80 ಶೇಕಡಾ ಇರುವುದು ಯಾವ ರಾಷ್ಟ್ರೀಯ ಉದ್ಯಾನಕ್ಕೂ ಸೇರದ ಕಾಡಿನಲ್ಲಿ. ಮರ ಕಡಿಯುವ ಕಂಪನಿಗೆ ರಸ್ತೆ ಬಿದ್ದರೆ ಆ ರಸ್ತೆಯಲ್ಲೇ ಬಂದೂಕೂ ಒಳಗೆ ಬರುತ್ತದೆ.

ಅಷ್ಟು ದಟ್ಟ ಕಾಡಿನಲ್ಲಿ ಎಣಿಸೋದು ಹೇಗೆ?

ಗೂಡು ಎಣಿಸುತ್ತಾರೆ! ಗೊರಿಲ್ಲಾ ದಿನಾ ಸಂಜೆ ಎಲೆ, ಕೊಂಬೆ ಬಗ್ಗಿಸಿ ಹೊಸ ಹಾಸಿಗೆ ಮಾಡಿಕೊಂಡು ಮಲಗುತ್ತದೆ. ಮಾರನೇ ದಿನ ಅಲ್ಲಿಂದ ಮುಂದೆ. ಬೆಳಿಗ್ಗೆ ಹೋಗಿ ಗೂಡು ಎಷ್ಟು, ಯಾವುದು ದೊಡ್ಡದು, ಯಾವುದರಲ್ಲಿ ತಾಯಿ ಮತ್ತು ಮರಿ ಮಲಗಿದ್ದವು ಎಂದು ನೋಡುತ್ತಾರೆ. ಅಲ್ಲಿ ಬಿದ್ದ ಲದ್ದಿಯಿಂದ ಡಿಎನ್ಎ ತೆಗೆದು, ಒಂದನ್ನೇ ಎರಡು ಸಲ ಲೆಕ್ಕ ಹಿಡಿಯದಂತೆ ನೋಡಿಕೊಳ್ಳುತ್ತಾರೆ. ಜನರಿಗೆ ಒಗ್ಗಿದ ಗುಂಪುಗಳಾದರೆ ಮೂಗಿನ ಮೇಲಿನ ಗೆರೆ ನೋಡಿಯೇ ಗುರುತು ಹಿಡಿಯುತ್ತಾರೆ. ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ ಒಂದರ ಮೂಗು ಇನ್ನೊಂದಕ್ಕೆ ಇರುವುದಿಲ್ಲ.

ಗೊರಿಲ್ಲಾಗಳನ್ನು ಯಾರು ಕೊಲ್ಲುತ್ತಾರೆ? ಯಾಕೆ?

ಹೊಟ್ಟೆಗಾಗಿ ಕೊಲ್ಲುವವರಿದ್ದಾರೆ, ದುಡ್ಡಿಗಾಗಿ ಕೊಲ್ಲುವವರಿದ್ದಾರೆ. ಕೊಲ್ಲುವ ಮನಸ್ಸೇ ಇಲ್ಲದೆ ಕೊಲ್ಲುವವರೂ ಇದ್ದಾರೆ. ಈ ಕೊನೆಯ ಮಾತಿನಿಂದ ಶುರು ಮಾಡುತ್ತೇನೆ.

ವಿರುಂಗಾ, ಬ್ವಿಂಡಿ ಕಡೆಯ ಊರಿನವರು ಸಣ್ಣ ಜಿಂಕೆಗೆ ಅಂತ ಉರುಲು ಹಾಕುತ್ತಾರೆ. ಆದರೆ ಉರುಲಿಗೆ ಜಿಂಕೆ ಯಾವುದು, ಗೊರಿಲ್ಲಾ ಮರಿ ಯಾವುದು ಅಂತ ಗೊತ್ತಾಗಲ್ಲ. ಕೈ ಸಿಕ್ಕಿಹಾಕಿಕೊಂಡು, ಗಾಯ ಕೊಳೆತು, ಮರಿ ಸಾಯುತ್ತದೆ. ನಮ್ಮ ಕಡೆ ತೊಗರಿ ಹೊಲಕ್ಕೆ ಹಂದಿ ಬಾರದಿರಲಿ ಅಂತ ಬೈಕಿನ ಕ್ಲಚ್ ವೈರಿನ ಉರುಲು ಕಟ್ಟುತ್ತಾರಲ್ಲ, ಅದೇ. ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಹಿಂದಿನ ಬದುವಿನಲ್ಲಿ ಒಂದು ನರಿ ಹಾಗೆ ಸಿಕ್ಕು ಸತ್ತಿತ್ತು. ಹೊಲದ ಯಜಮಾನರೇ ಬಂದು ಕರೆದರು. "ನಾ ಹಂದಿಗಿ ಕಟ್ಟಿದ್ದೆ ಸರ್, ಇದು ನನ್ನ ಹೊಲದಾಗ ಇಲಿ ತಿಂತಿತ್ತು" ಎಂದು ತಲೆ ತಗ್ಗಿಸಿ ನಿಂತರು. ಅವರ ಮುಖ ನನಗೆ ಇನ್ನೂ ಮರೆತಿಲ್ಲ.

ಉರುಲಿನ ಮಾತು ಬಂದಾಗ ಮಕ್ಕಳಿಗೆ ತಪ್ಪದೆ ಹೇಳುವ ಒಂದು ಸಂಗತಿ ಇದೆ. 2012ರಲ್ಲಿ ರುವಾಂಡಾದಲ್ಲಿ ಒಂದು ಎಳೆ ಗೊರಿಲ್ಲಾ ಉರುಲಿಗೆ ಸಿಕ್ಕು ಸತ್ತಿತು. ಕೆಲವೇ ದಿನದಲ್ಲಿ ಅದೇ ಗುಂಪಿನ ಎರಡು ಎಳೆಯವು, ರ್ವೆಮಾ ಮತ್ತು ಡುಕೋರೆ, ಇನ್ನೊಂದು ಉರುಲಿನ ಹತ್ತಿರ ಓಡಿದವು. ಒಂದು ಬಗ್ಗಿಸಿದ ಕೊಂಬೆಯ ಮೇಲೆ ಹಾರಿ ಮುರಿಯಿತು, ಇನ್ನೊಂದು ಹಗ್ಗ ಬಿಚ್ಚಿತು. ಆಗ ಅವಕ್ಕೆ ಸುಮಾರು ನಾಲ್ಕು ವರ್ಷ. ಉರುಲು ತೆಗೆಯಲು ಹೋಗಿದ್ದ ಕಾವಲುಗಾರ ನಿಂತು ನೋಡುತ್ತಿದ್ದ.

ದುಡ್ಡಿಗಾಗಿ ಅಂದೆನಲ್ಲ, ಅದರ ಕಥೆ ಬೇರೆ. ಪಶ್ಚಿಮದ ಕಾಡುಗಳಲ್ಲಿ ಪೇಟೆಯಲ್ಲಿ ಮಾರುವ ಕಾಡುಮಾಂಸಕ್ಕೆ ಬೇಟೆ. ಮರಿ ಹಿಡಿದು ಮಾರುವವರು ಇನ್ನೂ ಕ್ರೂರಿಗಳು. ಒಂದು ಮರಿಗಾಗಿ ತಾಯಿಯನ್ನೂ, ಅಡ್ಡ ಬರುವ ದೊಡ್ಡ ಗಂಡನ್ನೂ ಕೊಲ್ಲಬೇಕಾಗುತ್ತದೆ, ಯಾಕೆಂದರೆ ಬದುಕಿರುವವರೆಗೆ ಅವು ಮರಿ ಬಿಟ್ಟುಕೊಡಲ್ಲ. ಇನ್ನು ಇದ್ದಿಲು. ವಿರುಂಗಾ ಪಕ್ಕದ ಗೋಮಾ ಪಟ್ಟಣದ ಲಕ್ಷಾಂತರ ಜನ ಅಡುಗೆ ಮಾಡುತ್ತಿದ್ದುದು ಇದ್ದಿಲಿನ ಮೇಲೆ. ಇದ್ದಿಲು ಸುಡಲು ವಿರುಂಗಾ ರಾಷ್ಟ್ರೀಯ ಉದ್ಯಾನದ ಮರ. 2007ರ ಜುಲೈನಲ್ಲಿ ಅಲ್ಲಿ ಸೆಂಕ್ವೆಕ್ವೆ ಎಂಬ ದೊಡ್ಡ ಗಂಡನ್ನೂ ಅದರ ಗುಂಪಿನ ಹೆಣ್ಣುಗಳನ್ನೂ ಗುಂಡಿಟ್ಟು ಕೊಂದರು. ಮಾಂಸ ಮುಟ್ಟಲಿಲ್ಲ, ಮರಿ ಒಯ್ಯಲಿಲ್ಲ. ಇದ್ದಿಲು ದಂಧೆಗೆ ಅಡ್ಡ ಬರಬೇಡಿ ಅಂತ ಕಾವಲುಗಾರರಿಗೆ ಕೊಟ್ಟ ಬೆದರಿಕೆ ಅದು ಎಂದೇ ಅಲ್ಲಿನವರು ನೋಡಿದರು. ಊರಿನ ಜನ ಕೊಂಬೆಗಳ ಚಟ್ಟ ಕಟ್ಟಿ, ಆ ಭಾರವಾದ ದೇಹವನ್ನು ಹೆಗಲ ಮೇಲೆ ಹೊತ್ತು ಕಾಡಿನಿಂದ ಕೆಳಗೆ ತಂದರು.

ಗೊರಿಲ್ಲಾಗೆ ನೆಗಡಿ ಬರುತ್ತಾ?

ಬರುತ್ತೆ. ನಮ್ಮಿಂದಲೇ ಬರುತ್ತೆ. ಗೊರಿಲ್ಲಾದ ಡಿಎನ್ಎ ನಮ್ಮದರ ಜೊತೆ ಸುಮಾರು 98 ಶೇಕಡಾ ಹೊಂದುತ್ತದೆ, ಹಾಗಾಗಿ ನಮ್ಮ ರೋಗ ಅವಕ್ಕೂ ಹತ್ತುತ್ತದೆ. ನಮಗೆ ಮೂರು ದಿನದ ನೆಗಡಿ ಅವಕ್ಕೆ ಸಾವು ತರಬಹುದು. ಅದಕ್ಕೇ ನೋಡಲು ಹೋದವರು ಮಾಸ್ಕ್ ಹಾಕಿ ಹತ್ತು ಮೀಟರ್ ದೂರ ನಿಲ್ಲಬೇಕು. ಕೆಮ್ಮು ಇದ್ದರೆ ಕಾಡಿನೊಳಗೆ ಬಿಡುವುದಿಲ್ಲ. 2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದ ಸಫಾರಿ ಪಾರ್ಕಿನ ಗೊರಿಲ್ಲಾಗಳಿಗೆ ಕೋವಿಡ್ ಬಂದಿತ್ತು. ಎಬೋಲಾ ಇನ್ನೂ ಭಯಂಕರ. 2002 ಮತ್ತು 2003ರಲ್ಲಿ ಕಾಂಗೋ ಗಣರಾಜ್ಯದ ಲೊಸ್ಸಿ ಕಾಡಿನ ಸುತ್ತ ಸುಮಾರು 5,000 ಗೊರಿಲ್ಲಾ ಎಬೋಲಾದಿಂದ ಸತ್ತವು ಎಂದು ವಿಜ್ಞಾನಿಗಳ ಅಂದಾಜು.

ಬೆದರುಗೊಂಬೆಯ ಕಥೆಯನ್ನೂ ಇಲ್ಲೇ ಹೇಳಬೇಕು. 1996ರಲ್ಲಿ ಬ್ವಿಂಡಿಯ ಗೊರಿಲ್ಲಾಗಳ ಕೂದಲು ಉದುರತೊಡಗಿತು. ಮೈಯೆಲ್ಲ ಕೆರೆತ, ಒಂದು ಮರಿ ಸತ್ತೇ ಹೋಯಿತು. ಉಗಾಂಡಾದ ಪಶುವೈದ್ಯೆ ಗ್ಲಾಡಿಸ್ ಕಲೇಮಾ-ಜಿಕುಸೋಕಾ ಹೋಗಿ ನೋಡಿದರು. ಅದು ಕಜ್ಜಿ. ಬಂದದ್ದು ಎಲ್ಲಿಂದ? ಹೊಲದ ಬೆದರುಗೊಂಬೆಗೆ ಹಾಕಿದ್ದ ಹಳೇ ಬಟ್ಟೆಯಿಂದ ಇರಬೇಕು ಎಂದು ಅವರು ಕಂಡುಕೊಂಡರು. ಗೊರಿಲ್ಲಾ ಬಾಳೆ ತಿನ್ನಲು ಹೊಲಕ್ಕೆ ಬಂದು, ಗೊಂಬೆಯ ಬಟ್ಟೆ ಮುಟ್ಟಿ ನೋಡಿತ್ತು. ಬಟ್ಟೆ ಬಡವರ ಮನೆಯದು. ಆ ಮನೆಯವರಿಗೆ ಕಜ್ಜಿ ಇತ್ತು, ಔಷಧಿಗೆ ದುಡ್ಡಿರಲಿಲ್ಲ, ಆಸ್ಪತ್ರೆ ದೂರ.

ಗೊರಿಲ್ಲಾಗೆ ಔಷಧಿ ಕೊಟ್ಟು ಗ್ಲಾಡಿಸ್ ಸುಮ್ಮನಾಗಲಿಲ್ಲ. 2003ರಲ್ಲಿ ಒಂದು ಸಂಸ್ಥೆ ಕಟ್ಟಿ ಕಾಡಂಚಿನ ಮನೆಗಳ ಆರೋಗ್ಯಕ್ಕೆ ಕೈ ಹಾಕಿದರು. ಶೌಚಾಲಯ, ಕೈ ತೊಳೆಯುವುದು, ಕ್ಷಯ ರೋಗದ ತಪಾಸಣೆ, ಕುಟುಂಬ ಯೋಜನೆ. ಪ್ರಾಣಿ ಡಾಕ್ಟರು ಮನುಷ್ಯರ ಮನೆ ಬಾಗಿಲಿಗೆ ಹೋದರು ಅಂದರೆ ನಮ್ಮ ಮಕ್ಕಳಿಗೆ ಆಶ್ಚರ್ಯ. ಇಡೀ ವಿಷಯದ ಬೀಗದ ಕೈ ನನಗೆ ಸಿಕ್ಕಿದ್ದು ಈ ಕಥೆಯಲ್ಲೇ. ಪಕ್ಕದ ಮನೆಯವರು ಕಾಯಿಲೆ, ಹಸಿವಿನಲ್ಲಿ ಇರುವವರೆಗೆ ಕಾಡಿನ ಪ್ರಾಣಿ ನೆಮ್ಮದಿಯಾಗಿ ಇರಲ್ಲ.

ಮೊಬೈಲಿಗೂ ಗೊರಿಲ್ಲಾಗೂ ಏನೋ ಸಂಬಂಧ ಅಂತಾರಲ್ಲ, ಹೌದಾ?

ಹೌದು. ಫೋನಿನೊಳಗಿನ ಪುಟ್ಟ ಕೆಪಾಸಿಟರ್‌ಗಳಿಗೆ ಟ್ಯಾಂಟಲಂ ಎಂಬ ಲೋಹ ಬೇಕು. ಅದು ಸಿಗುವುದು ಕೋಲ್ಟಾನ್ ಎಂಬ ಅದಿರಿನಲ್ಲಿ. ಕೋಲ್ಟಾನ್ ಜಾಸ್ತಿ ಇರುವ ಜಾಗಗಳಲ್ಲಿ ಪೂರ್ವ ಕಾಂಗೋ ಒಂದು, ಅಲ್ಲೇ ಗ್ರೌವರ್ ಗೊರಿಲ್ಲಾಗಳ ಕಾಹುಜಿ-ಬಿಯೆಗಾ ಉದ್ಯಾನ. 2000ರ ಆಸುಪಾಸಿನಲ್ಲಿ ಕೋಲ್ಟಾನ್ ಬೆಲೆ ಏರಿದಾಗ ಸಾವಿರಾರು ಜನ ಅಗೆಯಲು ಕಾಡು ಹೊಕ್ಕರು. ಅಷ್ಟು ಜನಕ್ಕೆ ಊಟ ಎಲ್ಲಿಂದ? ಕಾಡಿನ ಪ್ರಾಣಿಗಳಿಂದ. ಮೇಲೆ ಬಂದೂಕು ಹಿಡಿದ ಗುಂಪುಗಳ ಕಾಟ ಬೇರೆ.

ಫೋನೇ ಬಿಡಿ ಅಂತ ನಾನು ಹೇಳುವುದಿಲ್ಲ. ನನ್ನ ಕೈಯಲ್ಲೂ ಇದೆ. ಆದರೆ ಒಡೆದ ಗಾಜಿಗೆ ಹೊಸ ಫೋನ್ ಬೇಡ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ರಿಪೇರಿ ಮಾಡುವ ಹುಡುಗರು ಎಂಥ ಫೋನಿಗೂ ಜೀವ ಕೊಡುತ್ತಾರೆ. ಎರಡು ವರ್ಷದ ಫೋನ್ ನಾಲ್ಕು ವರ್ಷ ಬಂದರೆ ಅಷ್ಟು ಅದಿರು ನೆಲದಲ್ಲೇ ಉಳಿಯಿತು, ಅಲ್ವಾ?

ಗೊರಿಲ್ಲಾ ಇಲ್ಲದಿದ್ದರೆ ಕಾಡಿಗೆ ಏನು ನಷ್ಟ?

ಬಿತ್ತುವವರಿಲ್ಲದ ಹೊಲದಂತೆ ಆಗುತ್ತದೆ. ಗೊರಿಲ್ಲಾ ಹಣ್ಣು ತಿಂದು ಬೀಜ ನುಂಗುತ್ತದೆ, ದೂರ ನಡೆದು, ಲದ್ದಿಯ ಜೊತೆ ಹಾಕುತ್ತದೆ. ಗೊಬ್ಬರ ಸಮೇತ ಬಿತ್ತನೆ. ಗ್ಯಾಬೊನ್‌ನ ಲೋಪೆ ಕಾಡಿನಲ್ಲಿ ಕೋಲಾ ಲಿಜೆ ಎಂಬ ಮರವಿದೆ. ಅದರ ದೊಡ್ಡ ಬೀಜಗಳನ್ನು ಹೀಗೆ ಹರಡುವುದು ಮುಖ್ಯವಾಗಿ ಗೊರಿಲ್ಲಾ. ಅದು ಮಲಗುವ ಜಾಗ ಹೆಚ್ಚಾಗಿ ಬಿಸಿಲು ಬೀಳುವ ಬಯಲು. ಅಲ್ಲಿ ಬಿದ್ದ ಬೀಜ ಮೊಳೆತು ಸಸಿಯಾಗುವುದು ಜಾಸ್ತಿ ಎಂದು ಅಲ್ಲಿನ ವಿಜ್ಞಾನಿಗಳು ಕಂಡರು. ದೊಡ್ಡ ಬೀಜ ನುಂಗಲು ದೊಡ್ಡ ಬಾಯಿ, ದೊಡ್ಡ ಹೊಟ್ಟೆ ಬೇಕು. ಅದನ್ನು ಸಣ್ಣ ಹಕ್ಕಿ ಮಾಡಲಾರದು.

ಅದು ಮನುಷ್ಯರ ಮೇಲೆ ಬೀಳುತ್ತಾ? ಸಿನಿಮಾದಲ್ಲಿ ಹಾಗೇ ತೋರಿಸ್ತಾರೆ.

ದೊಡ್ಡ ಗಂಡು 150ರಿಂದ 200 ಕಿಲೋ ತೂಗುತ್ತದೆ. ಬೆನ್ನ ಕೂದಲು ಬೆಳ್ಳಗಾಗಿರುತ್ತದೆ, ಅದಕ್ಕೇ ಸಿಲ್ವರ್‌ಬ್ಯಾಕ್ ಅನ್ನುತ್ತಾರೆ. ಎದೆ ಬಡಿದುಕೊಂಡು ಓಡಿ ಬಂದರೆ ಯಾರಿಗಾದರೂ ಎದೆ ಝಲ್ ಅನ್ನಬೇಕು. ಆದರೆ ಅದು ಬಹಳ ಸಲ ಹೆದರಿಸಿ ಓಡಿಸಲು ಮಾತ್ರ. ತಿನ್ನುವುದು ಎಲೆ, ಕಾಂಡ, ಬಿದಿರಿನ ಮೊಳಕೆ, ಹಣ್ಣು.

1996ರ ಆಗಸ್ಟ್‌ನಲ್ಲಿ ಅಮೆರಿಕದ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿ ಮೂರು ವರ್ಷದ ಹುಡುಗ ಗೊರಿಲ್ಲಾ ಆವರಣಕ್ಕೆ ಬಿದ್ದು ಎಚ್ಚರ ತಪ್ಪಿದ. ಬಿಂಟಿ ಜುವಾ ಎಂಬ ಹೆಣ್ಣು ಗೊರಿಲ್ಲಾ ತನ್ನ ಮರಿಯನ್ನು ಬೆನ್ನಿಗೆ ಹಾಕಿಕೊಂಡೇ ಬಂದು, ಆ ಹುಡುಗನನ್ನು ಎತ್ತಿ, ಸಿಬ್ಬಂದಿ ಬರುವ ಬಾಗಿಲ ಹತ್ತಿರ ತಂದು ಮಲಗಿಸಿತು. ಹುಡುಗ ಬದುಕಿದ.

ಅಲ್ಲಿನ ಜನಾನೇ ಬಡವರು. ಅವರಿಗಿಂತ ಗೊರಿಲ್ಲಾ ದೊಡ್ಡದಾ?

ಈ ಪ್ರಶ್ನೆ ಕೇಳಿದ್ದು ಬೀದರ್ ಹತ್ತಿರದ ಹಳ್ಳಿಯ ಒಬ್ಬ ರೈತ. ಅವರ ಉದ್ದಿನ ಹೊಲಕ್ಕೆ ಕೃಷ್ಣಮೃಗ ನುಗ್ಗುತ್ತದೆ. ಅವರ ದನಿಯಲ್ಲಿ ಸಿಟ್ಟಿತ್ತು, ಅದು ಇರಬೇಕಾದ್ದೇ.

ಮೊದಲು ತಪ್ಪು ನಡೆದದ್ದನ್ನು ಒಪ್ಪೋಣ. 1991ರಲ್ಲಿ ಉಗಾಂಡಾದ ಬ್ವಿಂಡಿ ಮತ್ತು ಮ್ಗಾಹಿಂಗಾ ರಾಷ್ಟ್ರೀಯ ಉದ್ಯಾನವಾದಾಗ, ತಲೆತಲಾಂತರದಿಂದ ಆ ಕಾಡಿನಲ್ಲಿ ಬದುಕಿದ್ದ ಬಾಟ್ವಾ ಜನರನ್ನು ಹೊರಗೆ ಹಾಕಿದರು. ಜೇನು, ಬೇರು, ಔಷಧಿ ಎಲ್ಲ ಕಾಡಿನಲ್ಲಿದ್ದ ಜನ ರಾತ್ರೋರಾತ್ರಿ ಬೇರೆಯವರ ಹೊಲದ ಕೂಲಿಗಳಾದರು. ಗೊರಿಲ್ಲಾ ಉಳಿಸಿದ್ದನ್ನು ಹೊಗಳುವವರು ಬಾಟ್ವಾ ಜನರ ಹೆಸರನ್ನೂ ಹೇಳಬೇಕು. ಅಭಯಾರಣ್ಯ ಅಂದ ಕೂಡಲೇ ನಮ್ಮ ತಾಂಡಾಗಳ ಹಿರಿಯರ ಮುಖ ಯಾಕೆ ಸಪ್ಪಗಾಗುತ್ತದೆ ಅಂತ ನನಗೆ ಇದರಿಂದ ಅರ್ಥವಾಯಿತು. ದನ ಎಲ್ಲಿ ಮೇಯಿಸೋದು, ಕಟ್ಟಿಗೆ ಎಲ್ಲಿ ತರೋದು?

ಆಮೇಲೆ ಅಲ್ಲಿನವರು ಕಲಿತದ್ದೂ ಇದೆ. ರುವಾಂಡಾದಲ್ಲಿ ಗೊರಿಲ್ಲಾ ನೋಡಲು ಒಬ್ಬರಿಗೆ 1,500 ಡಾಲರ್. ನಮ್ಮ ಲೆಕ್ಕಕ್ಕೆ ಲಕ್ಷ ರೂಪಾಯಿಗೂ ಜಾಸ್ತಿ. ನೋಡಲು ಬಿಡುವುದು ಒಂದೇ ಗಂಟೆ, ಒಂದು ಗುಂಪಿಗೆ ದಿನಕ್ಕೆ ಎಂಟು ಜನ. ಉದ್ಯಾನಗಳ ಪ್ರವಾಸದ ಆದಾಯದಲ್ಲಿ ಊರಿನವರ ಪಾಲು 5 ಶೇಕಡಾ ಇತ್ತು, 2017ರಲ್ಲಿ 10 ಮಾಡಿದರು. ಆ ದುಡ್ಡಿನಲ್ಲಿ ಶಾಲೆ ಕೋಣೆ, ಆರೋಗ್ಯ ಕೇಂದ್ರ, ಕುಡಿಯುವ ನೀರು. ಮೊದಲು ಬೇಟೆಯಾಡುತ್ತಿದ್ದವರು ಸಾಮಾನು ಹೊರುವ, ದಾರಿ ತೋರಿಸುವ ಕೆಲಸಕ್ಕೆ ಸೇರಿದರು. ಉಗಾಂಡಾದಲ್ಲಿ ಗೊರಿಲ್ಲಾ ಹೊಲಕ್ಕೆ ಬಂದರೆ ಊರಿನವರದೇ ತಂಡ ಬಂದು ಮೆಲ್ಲಗೆ ಕಾಡಿಗೆ ಅಟ್ಟುತ್ತದೆ. ಗ್ಲಾಡಿಸ್ ಅವರ ಬಳಗ ಕಾಡಂಚಿನ ರೈತರ ಕಾಫಿಗೆ ಒಳ್ಳೆ ಬೆಲೆ ಕೊಟ್ಟು ಕೊಳ್ಳುತ್ತದೆ. ವಿರುಂಗಾದಲ್ಲಿ ಉದ್ಯಾನದ ನೀರಿನಿಂದಲೇ ವಿದ್ಯುತ್ ತೆಗೆದು ಸುತ್ತಲಿನ ಊರುಗಳಿಗೆ ಕೊಡುತ್ತಿದ್ದಾರೆ, ಇದ್ದಿಲಿನ ಚಟ ಬಿಡಲಿ ಅಂತ. ನಮ್ಮ ಊರಲ್ಲಿ ಗ್ಯಾಸ್ ಸಿಲಿಂಡರ್ ಬಂದ ಮೇಲೆ ತಲೆ ಮೇಲೆ ಕಟ್ಟಿಗೆ ಹೊರೆ ಕಡಿಮೆಯಾದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಸಿಲಿಂಡರ್ ಬೆಲೆ ಏರಿದ ತಿಂಗಳು ಹೊರೆ ಮತ್ತೆ ಬಂದದ್ದನ್ನೂ ಕಂಡಿದ್ದೇನೆ.

ಪ್ರವಾಸದ ದುಡ್ಡನ್ನೇ ನಂಬಿ ಕೂರುವುದೂ ಕಷ್ಟ. 2020ರಲ್ಲಿ ಕೋವಿಡ್ ಬಂತು, ಪ್ರವಾಸಿಗರು ನಿಂತರು, ಊರುಗಳ ಗಳಿಕೆ ನಿಂತಿತು. ಅದೇ ಜೂನ್‌ನಲ್ಲಿ ಬ್ವಿಂಡಿಯ ರಫೀಕಿ ಎಂಬ ಹೆಸರಾಂತ ಸಿಲ್ವರ್‌ಬ್ಯಾಕ್ ಈಟಿಗೆ ಸತ್ತಿತು. ಕೊಂದವನಿಗೆ 11 ವರ್ಷ ಜೈಲು. ಸಣ್ಣ ಪ್ರಾಣಿ ಬೇಟೆಗೆ ಹೋಗಿದ್ದೆ, ಅದು ಮೈಮೇಲೆ ಬಂತು ಎಂದು ಅವನು ಹೇಳಿದ. ಜೈಲು ಸರಿಯೇ. ಆದರೆ ಆ ವರ್ಷ ಆ ಕಡೆಯ ಅಡುಗೆಮನೆಗಳಲ್ಲಿ ಏನಿತ್ತು ಎಂದೂ ಕೇಳಬೇಕು ಅಂತ ನನಗೆ ಅನಿಸುತ್ತದೆ.

ಬೀದರಿನ ಆ ರೈತರಿಗೆ ನಾನು ಹೇಳಿದ್ದು ಇಷ್ಟೇ: ದೊಡ್ಡದು ಯಾವುದು ಅಂತ ತೂಗುವುದೇ ಬೇಡ. ನಿಮ್ಮ ಬೆಳೆ ಹಾನಿಗೆ ಪರಿಹಾರ ಹೊತ್ತಿಗೆ ಸರಿಯಾಗಿ ಬಂದರೆ ಕೃಷ್ಣಮೃಗ ತಾನೇ ಉಳಿಯುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಬೇಕಲ್ರಿ" ಎಂದರು.

ಇಷ್ಟೆಲ್ಲ ಮಾಡಿದರೆ ನಿಜಕ್ಕೂ ಉಳಿಯುತ್ತವಾ?

ಉಳಿದಿವೆ. 1981ರಲ್ಲಿ ವಿರುಂಗಾ ಬೆಟ್ಟಗಳಲ್ಲಿ ಸುಮಾರು 250 ಗೊರಿಲ್ಲಾ ಇದ್ದವು. ಆ ಶತಮಾನ ಮುಗಿಯುವುದರೊಳಗೆ ಅವೂ ಮುಗಿಯುತ್ತವೆ ಎಂದೇ ಹೆದರಿದ್ದರು. 2015 ಮತ್ತು 2016ರ ಎಣಿಕೆಯಲ್ಲಿ 604! ನಡುವೆ ರುವಾಂಡಾದ ನರಮೇಧ ನಡೆಯಿತು, ಕಾಂಗೋದಲ್ಲಿ ಯುದ್ಧ ನಡೆಯಿತು. ಆದರೂ ಏರಿತು. 2018ರಲ್ಲಿ ಬೆಟ್ಟದ ಗೊರಿಲ್ಲಾವನ್ನು "ತೀವ್ರ ಅಪಾಯ"ದ ಪಟ್ಟಿಯಿಂದ ಒಂದು ಮೆಟ್ಟಿಲು ಇಳಿಸಿ "ಅಪಾಯ"ದ ಪಟ್ಟಿಗೆ ಹಾಕಿದರು. ಉಳಿದ ಮೂರೂ ಇನ್ನೂ ತೀವ್ರ ಅಪಾಯದಲ್ಲೇ ಇವೆ.

ಇದರ ಹಿಂದೆ ದಿನನಿತ್ಯದ ಬೇಸರದ ದುಡಿಮೆ ಇದೆ. ಅಮೆರಿಕದ ಗೊರಿಲ್ಲಾ ಸಂಶೋಧಕಿ ಡಯಾನ್ ಫಾಸಿ 1967ರ ಸೆಪ್ಟೆಂಬರ್ 24ರಂದು ರುವಾಂಡಾದ ಬೆಟ್ಟದ ಮೇಲೆ ಎರಡು ಟೆಂಟ್ ಹಾಕಿ ಕರಿಸೋಕೆ ಸಂಶೋಧನಾ ಕೇಂದ್ರ ಶುರು ಮಾಡಿದರು. ಹತ್ತು ವರ್ಷದ ಮೇಲೆ ಅವರ ಮೆಚ್ಚಿನ ಡಿಜಿಟ್ ಎಂಬ ಗೊರಿಲ್ಲಾವನ್ನು ಬೇಟೆಗಾರರು ಕೊಂದರು. 1985ರ ಡಿಸೆಂಬರ್‌ನಲ್ಲಿ ಅವರನ್ನೇ ಅವರ ಗುಡಿಸಲಿನಲ್ಲಿ ಕೊಂದರು. ಕೆಲಸ ನಿಲ್ಲಲಿಲ್ಲ. ಇವತ್ತಿಗೂ ಅಲ್ಲಿನ ಹುಡುಗರು ದಿನಾ ಬೆಟ್ಟ ಹತ್ತಿ ಒಂದೊಂದು ಗುಂಪನ್ನೂ ನೋಡಿ ಬರುತ್ತಾರೆ, ದಾರಿಯಲ್ಲಿ ಉರುಲು ಬಿಚ್ಚುತ್ತಾರೆ. ಗಾಯವಾದರೆ ಪಶುವೈದ್ಯರು ಕಾಡಿಗೇ ಹೋಗಿ ಔಷಧಿ ಕೊಡುತ್ತಾರೆ. ರುವಾಂಡಾದಲ್ಲಿ 2005ರಿಂದ ಗೊರಿಲ್ಲಾ ಮರಿಗಳಿಗೆ ನಾಮಕರಣದ ಹಬ್ಬ ಮಾಡುತ್ತಾರೆ, ಹೆಸರು ಕ್ವಿಟಾ ಇಜಿನಾ. ನಮ್ಮ ಮನೆಯ ತೊಟ್ಟಿಲು ಹಬ್ಬದ ಹಾಗೆ, ಊರಿಗೆ ಊರೇ ಸೇರುತ್ತದೆ.

ಮೃಗಾಲಯದಲ್ಲಿ ಸಾಕಿದರೆ ಸಾಲದೇ?

ಸಾಲದು. ಬೆಟ್ಟದ ಗೊರಿಲ್ಲಾ ಒಂದೂ ಯಾವ ಮೃಗಾಲಯದಲ್ಲೂ ಇಲ್ಲ. ಮೃಗಾಲಯದಲ್ಲಿ ಇರುವವು ಹೆಚ್ಚು ಕಡಿಮೆ ಎಲ್ಲ ಪಶ್ಚಿಮದ ತಗ್ಗುನಾಡಿನವು. ನಮ್ಮ ಮೈಸೂರಿನಲ್ಲೂ ಇವೆ. ಪೋಲೋ ಎಂಬ ಗಂಡು 2014ರಲ್ಲಿ ತೀರಿಕೊಂಡ ಮೇಲೆ ಆ ಜಾಗ ಖಾಲಿಯಿತ್ತು. 2021ರ ಆಗಸ್ಟ್‌ನಲ್ಲಿ ಜರ್ಮನಿಯಿಂದ ಥಾಬೋ ಮತ್ತು ಡೆಂಬಾ ಬಂದವು. ಮೈಸೂರಿಗೆ ಪ್ರವಾಸ ಹೋದರೆ ಮಕ್ಕಳಿಗೆ ತೋರಿಸಿ. ಗಾಜು ಬಡಿಯಲು ಬಿಡಬೇಡಿ, ಕೂಗಲು ಬಿಡಬೇಡಿ. ಹತ್ತು ನಿಮಿಷ ಸುಮ್ನೆ ನಿಂತು ಅದರ ಕೈಬೆರಳು ನೋಡಲಿ.

ನಾವು ಏನು ಮಾಡಬಹುದು? ದುಡ್ಡು ಕಳಿಸಬೇಕಾ?

ಕಳಿಸುವ ಶಕ್ತಿ ಇದ್ದವರು ವಿಚಾರಿಸಿ ಕಳಿಸಲಿ. ನಮ್ಮ ಮಕ್ಕಳಿಗೆ ನಾನು ಹೇಳುವುದು ಬೇರೆ. ಫೋನಿನ ಮಾತು ಆಗಲೇ ಹೇಳಿದೆ. ಮಂಗ, ಗೊರಿಲ್ಲಾ ಮರಿಗಳಿಗೆ ಅಂಗಿ ಹಾಕಿ ಕುಣಿಸುವ ವಿಡಿಯೋ ಬಂದರೆ ಮುಂದೆ ಕಳಿಸಬೇಡಿ. ಅಂಥದ್ದು ನೋಡಿದವರಿಗೆ ಸಾಕುವ ಆಸೆ ಹುಟ್ಟುತ್ತದೆ, ಆಸೆಗೆ ಗಿರಾಕಿ, ಗಿರಾಕಿಗೆ ಬೇಟೆಗಾರ.

ಇನ್ನೊಂದು, ಮನೆ ಹತ್ತಿರದ್ದು. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಅಲ್ಲಿ ತೋಳ, ಕತ್ತೆಕಿರುಬ ಇವೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ದೂರದ ಹಕ್ಕಿಗಳು ಬರುತ್ತವೆ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಅರಣ್ಯ ಇಲಾಖೆಗೆ ಮೊದಲ ಫೋನ್ ನಿಮ್ಮದಾಗಲಿ. ಬದುವಿನಲ್ಲಿ ವೈರಿನ ಉರುಲು ಕಂಡರೆ ಹೊಲದವರ ಜೊತೆ ಜಗಳ ಬೇಡ. ಕೂತು ಮಾತಾಡಿ, ಪರಿಹಾರದ ಅರ್ಜಿ ಬರೆದುಕೊಡಿ. ನಮ್ಮ ಹತ್ತನೇ ತರಗತಿ ಮಕ್ಕಳು ಹೋದ ವರ್ಷ ಹೀಗೆ ಏಳು ಮನೆಗೆ ಅರ್ಜಿ ಬರೆದುಕೊಟ್ಟರು. ಎರಡು ಮನೆಗೆ ಹಣ ಬಂದಿದೆ, ಐದಕ್ಕೆ ಕಾಯುತ್ತಿದ್ದೇವೆ.

ಗೊರಿಲ್ಲಾ ದಿನ ಯಾವಾಗ?

ಸೆಪ್ಟೆಂಬರ್ 24. ಫಾಸಿ ಟೆಂಟ್ ಹಾಕಿದ ದಿನ. ನಮ್ಮನ್ನು ಕರೆದರೆ ಚಾದರ ಸಮೇತ ಬರುತ್ತೇವೆ.

ಗೊರಿಲ್ಲಾ ಅಳುತ್ತಾ?

ಇದು ನಾಲ್ಕನೇ ತರಗತಿ ಹುಡುಗನ ಚೀಟಿ, ಪೆನ್ಸಿಲ್‌ನಲ್ಲಿ ಬರೆದದ್ದು. ನಮ್ಮ ಹಾಗೆ ಕಣ್ಣೀರು ಸುರಿಸಲ್ಲ, ಆದರೆ ಕುಂಯಿಗುಡುತ್ತದೆ. ಮರಿ ಸತ್ತರೆ ತಾಯಿ ದಿನಗಟ್ಟಲೆ ಅದನ್ನು ಎತ್ತಿಕೊಂಡೇ ತಿರುಗುತ್ತದೆ.

ಅವನಿಗೆ ಎನ್ಡಕಾಸಿಯ ಕಥೆ ಹೇಳಿದೆ. 2007ರಲ್ಲಿ ವಿರುಂಗಾದ ಕಾವಲುಗಾರರಿಗೆ ಅದು ಸಿಕ್ಕಾಗ ಅದಕ್ಕೆ ಎರಡು ತಿಂಗಳು. ಗುಂಡಿಗೆ ಸತ್ತ ತಾಯಿಯ ಎದೆಗೆ ಅಪ್ಪಿಕೊಂಡಿತ್ತು. ಆಂದ್ರೆ ಬೌಮಾ ಎಂಬ ಕಾವಲುಗಾರ ಆ ರಾತ್ರಿ ಅದನ್ನು ತನ್ನ ಬರಿ ಎದೆಗೆ ಒತ್ತಿಕೊಂಡು ಬೆಚ್ಚಗೆ ಇಟ್ಟರು. ಅನಾಥ ಗೊರಿಲ್ಲಾಗಳ ಆಸರೆಯಲ್ಲಿ ಅದು ದೊಡ್ಡದಾಯಿತು. 2019ರಲ್ಲಿ ಒಬ್ಬ ಕಾವಲುಗಾರನ ಸೆಲ್ಫಿಯಲ್ಲಿ ಅದು ಹಿಂದೆ ಮನುಷ್ಯರ ಹಾಗೆ ನಿಂತ ಚಿತ್ರ ನಮ್ಮ ಮೊಬೈಲುಗಳಿಗೂ ಬಂದಿತ್ತು. ಆ ಉದ್ಯಾನ ಕಾಯುತ್ತಾ ಇಲ್ಲಿಯವರೆಗೆ 200ಕ್ಕೂ ಜಾಸ್ತಿ ಕಾವಲುಗಾರರು ಪ್ರಾಣ ಕಳೆದುಕೊಂಡಿದ್ದಾರೆ. 2020ರ ಏಪ್ರಿಲ್‌ನಲ್ಲಿ ಒಂದೇ ದಿನ 12 ಜನ. ಬೌಮಾ ಉಳಿದರು. 2021ರ ಸೆಪ್ಟೆಂಬರ್‌ನಲ್ಲಿ ಎನ್ಡಕಾಸಿ ಕಾಯಿಲೆ ಬಿದ್ದು ಸತ್ತಾಗ ಅದಕ್ಕೆ 14 ವರ್ಷ. ಆ ದಿನ ಅದರ ತಲೆ ಬೌಮಾ ಅವರ ಎದೆಯ ಮೇಲೆಯೇ ಇತ್ತು.

ಹುಡುಗ ಚೀಟಿ ವಾಪಸ್ ಕೇಳಿದ. ಅದರ ಹಿಂದೆ ಪೆನ್ಸಿಲ್‌ನಲ್ಲಿ ಒಂದು ಗೊರಿಲ್ಲಾ ಬರೆದು, ಕೆಳಗೆ ಅದರ ಹೆಸರು ಅಕ್ಷರ ಕೂಡಿಸಿ ಬರೆದು, ನನ್ನ ಕೈಗೆ ಕೊಟ್ಟು ಹೋದ.